ಮರಳಿ ಬಂದವನಿಗೆ ಕಲ್ಲಿಲ್ಲ

ನಮ್ಮ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಕಾದಿ, ಬದುಕಿ, ಮನೆಗೆ ಮರಳಿದವನಿಗೆ ಅಲ್ಲಿ ಎಡೆಯಿಲ್ಲ. ಇಂದು ನಾನು ಮಾತನಾಡಹೊರಟಿರುವುದು ಅಂಥವನನ್ನು ಕುರಿತು.

ಸೊಲ್ಲಾಪುರ–ವಿಜಯಪುರ ರೈಲುದಾರಿಯ ಮೇಲಿರುವ ಇಂಡಿ ತಾಲ್ಲೂಕಿನ ಲಚ್ಯಾಣವನ್ನು, ಅದರ ಸಿದ್ಧಲಿಂಗ ಮಹಾರಾಜರ ಮಠವನ್ನು, ಈ ಸೀಮೆಯ ಶ್ರೋತೃಗಳೆಲ್ಲ ಬಲ್ಲರು. ಅಂಥದೊಂದು ನಿಲ್ದಾಣದಲ್ಲಿ ಹದಿನೇಳು ವರ್ಷ ಸೈನ್ಯದಲ್ಲಿ ದುಡಿದವನೊಬ್ಬ ಪಿಂಚಣಿ ಪಡೆದು ಇಳಿದನೆಂದು ಭಾವಿಸಿರಿ. ಮೈಮೇಲೆ ಗೀರೂ ಇಲ್ಲ. ಆದರೆ ಪಾತ್ರೆ ಬಿದ್ದ ಸದ್ದಿಗೆ ಸಿಡಿದೇಳುತ್ತಾನೆ. ಗೊಬ್ಬರ ತರಲೆಂದು ಇಂಡಿಗೆ ಹೋದವನು ಎಷ್ಟು ಚೀಲವೆಂಬುದನ್ನೇ ಮರೆತು ನಿಲ್ಲುತ್ತಾನೆ. ರಾತ್ರಿ ನಿದ್ದೆಯಿಲ್ಲ, ಹಗಲು ತಲೆನೋವು. "ಮಿಲಿಟ್ರಿ ಮನಷ್ಯಾ, ಸಿಟ್ಟು ಇರೂದs" ಎಂದು ಊರು ತೀರ್ಪು ಕೊಟ್ಟುಬಿಡುತ್ತದೆ.

ತಲೆಗೆ ಪೆಟ್ಟಾಗಿ ಅರ್ಧ ಗಂಟೆಯೊಳಗೆ ಎಚ್ಚರ ಮರಳಿದರೆ, ಅಥವಾ ಎಚ್ಚರ ತಪ್ಪದೆ ಬರಿದೆ ಮಂಕು ಕವಿದರೆ, ವೈದ್ಯರು ಅದನ್ನು ಮಿದುಳಿನ 'ಸೌಮ್ಯ' ಗಾಯವೆನ್ನುತ್ತಾರೆ. ಭಾಷೆಯನ್ನು ಪಾಠ ಹೇಳಿದ ನನಗೆ ಈ ವಿಶೇಷಣ ಒಗ್ಗದು. ಅದು ಪೆಟ್ಟಿನ ಗಳಿಗೆಯ ಅಳತೆ, ಮುಂದಿನ ಬಾಳಿನದಲ್ಲ. ಬಹುಮಂದಿ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುವುದು ನಿಜ. ಕೆಲವರಿಗೆ ಮಾತ್ರ ಸಿಡುಕು, ಮರೆವು, ದುಡುಕು ವರ್ಷಗಟ್ಟಲೆ ಉಳಿಯುತ್ತವೆ. ಸ್ಫೋಟದ ಒತ್ತಡದ ಅಲೆ, ಯಾವ ಚೂರೂ ತಾಗದಿದ್ದರೂ, ಮಿದುಳನ್ನು ಘಾಸಿಗೊಳಿಸಬಲ್ಲುದು. ಸಿ.ಟಿ. ಚಿತ್ರದಲ್ಲಿ ಹೆಚ್ಚಾಗಿ ಏನೂ ಕಾಣದು.

1915ರಲ್ಲಿ ಚಾರ್ಲ್ಸ್ ಮೈಯರ್ಸ್ 'ಶೆಲ್ ಶಾಕ್' ಎಂಬ ಹೆಸರನ್ನು ವೈದ್ಯಪತ್ರಿಕೆಗೆ ತಂದಂದಿನಿಂದ, ಇದು ಗಾಯವೋ ಹೇಡಿತನವೋ ಎಂಬ ವಾದ ನಡೆದೇ ಇತ್ತು. 2016ರಲ್ಲಿ ಡೇನಿಯಲ್ ಪರ್ಲ್ ಎಂಬ ವೈದ್ಯರ ತಂಡ, ಸ್ಫೋಟಕ್ಕೆ ಸಿಕ್ಕಿದ್ದ ಕೆಲವು ಸೈನಿಕರ ಮಿದುಳನ್ನು ಮರಣಾನಂತರ ಪರೀಕ್ಷಿಸಿ, ಒಂದು ವಿಶಿಷ್ಟ ಬಗೆಯ ಕಲೆಗಳನ್ನು ಕಂಡಿತು. 2020ರ ಜನವರಿಯಲ್ಲಿ ಇರಾಕಿನ ಅಲ್ ಅಸದ್ ನೆಲೆಯ ಮೇಲೆ ಕ್ಷಿಪಣಿಗಳು ಬಿದ್ದಾಗ ಯಾರಿಗೂ ಗಾಯವಿಲ್ಲವೆಂದು ಅಮೆರಿಕ ಸಾರಿತು. ಬಳಿಕ ನೂರಕ್ಕೂ ಹೆಚ್ಚು ಸೈನಿಕರಲ್ಲಿ ಮಿದುಳಿನ ಗಾಯ ಪತ್ತೆಯಾಯಿತು!

ಯುದ್ಧದ ಭೀತಿ ಮನಸ್ಸಿನಲ್ಲಿ ಉಳಿಸುವ ನೋವೂ ಇದೇ ಲಕ್ಷಣಗಳನ್ನು ತೋರುತ್ತದೆ, ಎರಡೂ ಹೆಣೆದುಕೊಂಡಿರುವುದುಂಟು. ಬಿಡಿಸಿ ನೋಡುವುದು ವೈದ್ಯರ ಕೆಲಸ. ಬೆಂಗಳೂರಿನ ನಿಮ್ಹಾನ್ಸ್ ಇದೆ, ಮಾಜಿ ಸೈನಿಕರಿಗಾಗಿ 2003ರಲ್ಲಿ ಆರಂಭವಾದ ಆರೋಗ್ಯ ಯೋಜನೆಯಿದೆ. ಆದರೆ ಅಲ್ಲಿಗೆ ಹೋದವರು ಬರಿಯ ಸಿಟ್ಟಿನ ಕಥೆ ಹೇಳಿದರೆ ಸಾಲದು. ಎಂದಾದರೂ ಸಿಡಿತಕ್ಕೆ ಸಿಕ್ಕಿದ್ದನೇ, ಎಷ್ಟು ಸಲ, ಆಮೇಲೆ ಕಿವಿ ಗುಂಯ್‌ಗುಟ್ಟಿತೇ ಎಂಬುದನ್ನೂ ಹೇಳಬೇಕು. ತಾನು ಬದಲಾದುದು ಅವನಿಗೇ ತಿಳಿಯದಿರಬಹುದು. ರೈಲು ಹತ್ತುವ ಮುನ್ನ ಅವನು ಹೇಗಿದ್ದನೆಂಬುದನ್ನು ಬಲ್ಲವಳು ಹೆಂಡತಿ, ಇಲ್ಲವೇ ತಾಯಿ. ಅವರನ್ನು ಆಸ್ಪತ್ರೆಯ ಹೊರಗೆ ಕೂರಿಸದೆ ಒಳಗೆ ಕರೆದು ಕೇಳಬೇಕು.