ಹಾಲು-ಹಣ್ಣು : ಕೂಡುವುದೆಷ್ಟು, ಕೂಡದ್ದೆಷ್ಟು?

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ದಿನಾ ಎರಡು ಹೊತ್ತು ಹಾಲನ್ನೇ ನೋಡುವ ನಿಮ್ಮ ಮುಂದೆ ಹಾಲಿನ ವಿಷಯ ಮಾತಾಡೋದು ಅಂದರೆ ಹರಿಹರದವರಿಗೆ ತುಂಗಭದ್ರೆ ತೋರಿಸಿದ ಹಾಗೆ. ಆದರೂ ದಾವಣಗೆರೆಯ ನನ್ನ ದವಾಖಾನೆಯಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದೇ: "ಡಾಕ್ಟ್ರೆ, ಹಾಲಿನ ಜೊತೆ ಬಾಳೆಹಣ್ಣು ತಿನ್ನಬಹುದಾ?"

ಚರಕ ಸಂಹಿತೆಯ ಸೂತ್ರಸ್ಥಾನದ 26ನೇ ಅಧ್ಯಾಯದಲ್ಲಿ ವಿರುದ್ಧಾಹಾರದ ವಿಚಾರ ಬರುತ್ತದೆ. ಹಾಲಿನೊಡನೆ ಕೂಡದ್ದು ಎಂದು ಅಮಟೆ, ಬೋರೆ, ನೇರಳೆ, ಬೇಲ, ಹುಣಸೆ, ಹಲಸು, ದಾಳಿಂಬೆ ಹೀಗೆ ಉದ್ದದ ಪಟ್ಟಿಯೇ ಇದೆ. ಮಾವು, ಬಾಳೆಯೂ ಅದರಲ್ಲಿವೆ. ಕೊನೆಗೆ, ಹುಳಿಯಾದದ್ದು ನೀರಾಗಿರಲಿ ಗಟ್ಟಿಯಾಗಿರಲಿ, ಎಲ್ಲವೂ ಹಾಲಿಗೆ ವಿರೋಧ ಎನ್ನುತ್ತಾರೆ. ಹುಳಿ ಮುಟ್ಟಿದ ಹಾಲಿನ ಗತಿ ನಿಮಗೆ ಹೇಳಬೇಕೆ? ಸರಿಯಾಗಿ ತೊಳೆಯದ ಕ್ಯಾನಿನಿಂದ ಹಾಲು ಹುಳಿಯಾದರೆ, ಕಾಯಿಸಿ ನೋಡುವಾಗ ಒಡೆದು ಇಡೀ ಕ್ಯಾನು ವಾಪಸ್ಸು!

ಹಾಗಂತ ಒಡೆದದ್ದೆಲ್ಲ ವಿಷವಲ್ಲ. ಬರೀ ಹಾಲು ಕುಡಿದರೂ ಹೊಟ್ಟೆಯ ಆಮ್ಲಕ್ಕೆ ಸಿಕ್ಕಿ ಅದು ಒಡೆದೇ ಜೀರ್ಣವಾಗೋದು. ಇನ್ನು ಮಾವಿನ ಸೀಕರಣೆ. ಹೋಳಿಗೆ ಜೊತೆ ಅದಿಲ್ಲದೆ ಊಟ ಏಳುತ್ತದೆಯೆ? ಭಾವಪ್ರಕಾಶ ಗ್ರಂಥದಲ್ಲಿ ಹಾಲು ಸೇರಿದ ಮಾವು ರುಚಿಕರ, ಬಲಕರ, ಆದರೆ ಜಡ ಎಂದೇ ಇದೆ. ಆದ್ದರಿಂದ ಚೆನ್ನಾಗಿ ಮಾಗಿದ ಸಿಹಿ ಹಣ್ಣಾದರೆ ಹೆದರಬೇಡಿ. ಹುಳಿ ಮಾವು ಬೇಡ. ಬಾಳೆಹಣ್ಣಿನ ವಿಷಯದಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಕೆಮ್ಮು, ನೆಗಡಿ, ಭೇದಿ ಇದ್ದಾಗ ಬೇಡ, ರಾತ್ರಿ ಹೊತ್ತು ಐಸು ಹಾಕಿದ ಮಿಲ್ಕ್‌ಶೇಕ್ ಅಂತೂ ಬೇಡವೇ ಬೇಡ ಅಂತ ನಾನು ಹೇಳ್ತೀನಿ. ದುಡಿಯುವ ಮೈ, ಒಳ್ಳೆ ಜಠರಾಗ್ನಿ, ಮೊದಲಿಂದ ರೂಢಿ ಇದ್ದವರಿಗೆ, ಅಲ್ಪ ಪ್ರಮಾಣದಲ್ಲಿ ತಿಂದವರಿಗೆ ವಿರುದ್ಧಾಹಾರವೂ ಬಾಧಿಸದು ಎಂದು ಅದೇ ಚರಕದಲ್ಲಿದೆ. ಈ ಮಾತನ್ನು ಮಾತ್ರ ಯಾರೂ ಹೇಳೋದಿಲ್ಲ ನೋಡಿ!

ಹರಿಹರದ ಕಡೆಯ ಒಬ್ಬ ತಾಯಿ ಒಂಬತ್ತು ವರ್ಷದ ಮಗಳನ್ನು ಕರೆತಂದಿದ್ದರು. ಕೈಮೇಲೆ, ತುಟಿ ಹತ್ತಿರ ಬಿಳಿ ಮಚ್ಚೆ. "ಹಾಲಿನ ಜೊತೆ ಹಲಸಿನಹಣ್ಣು ಕೊಟ್ಟು ನೀನೇ ಮಗು ಮೈ ಕೆಡಿಸಿದೆ ಅಂತಾರ್ರಿ ನಮ್ಮತ್ತೆ" ಅಂತ ಅತ್ತರು. ಎರಡು ವರ್ಷದಿಂದ ಮಗುವಿಗೆ ಹಾಲು, ಹಣ್ಣು ಎರಡೂ ಬಂದ್. ಮನೆಯಲ್ಲಿ ಎರಡು ಎಮ್ಮೆ, ಹಾಲೆಲ್ಲ ಸಂಘಕ್ಕೆ! ಮಗು ಕಡ್ಡಿಯಾಗಿತ್ತು.

ವಿರುದ್ಧಾಹಾರದಿಂದ ಬರುವ ರೋಗಗಳಲ್ಲಿ ಕಿಲಾಸದ ಹೆಸರು ಗ್ರಂಥದಲ್ಲಿದೆ, ಮುಚ್ಚಿಡುವುದಿಲ್ಲ. ಆದರೆ ಮೈಯ ರಕ್ಷಣಾ ಶಕ್ತಿಯೇ ಬಣ್ಣ ಕೊಡುವ ಜೀವಕೋಶಗಳ ಮೇಲೆ ತಿರುಗಿ ಬೀಳುವುದರಿಂದ ತೊನ್ನು ಬರುತ್ತದೆಂದು ಇಂದು ತಿಳಿದಿದೆ. ಅದು ಅಂಟುರೋಗವಲ್ಲ, ತಾಯಿ ಕೊಟ್ಟ ಹಾಲುಹಣ್ಣಿನ ಫಲವೂ ಅಲ್ಲ. ಅತ್ತೆಯವರನ್ನೂ ಕರೆಸಿ ಕೂರಿಸಿಕೊಂಡು ಇದನ್ನೇ ಹೇಳಿದೆ. ಚರ್ಮವೈದ್ಯರ ಹತ್ತಿರ ಕಳಿಸಿದೆ.

ಮಚ್ಚೆ ಪೂರ್ತಿ ಹೋಗಿಲ್ಲ. ಆದರೆ ಮಗು ತೂಕ ಹಿಡಿದಿದೆ. ಈಗ ಸಂಘಕ್ಕೆ ಹಾಲು ಅಳೆಯುವ ಮುಂಚೆ ಅತ್ತೆಯೇ ಮೊಮ್ಮಗಳಿಗೆ ಒಂದು ಲೋಟ ತೆಗೆದಿಡುತ್ತಾರಂತೆ.