ಬಿಟ್ಟಿ ಕೋರ್ಸು, ಸಾವಿರ ರೂಪಾಯಿ ಫೀ, ಗುರುವಾರದ ರಜೆ



ಮೊದಲು ಒಂದು ಲೆಕ್ಕ ಒಪ್ಪಿಸಿಬಿಡ್ತೀನಿ. ನಾನು ಹೆಸರು ಹಚ್ಚಿದ ಉಚಿತ ಆನ್‌ಲೈನ್ ಕೋರ್ಸುಗಳು ಒಟ್ಟು 11. ಪೈಥಾನ್ ಇದೆ, ಅರ್ಥಶಾಸ್ತ್ರ ಇದೆ, ಜರ್ಮನ್ ಭಾಷೆ ಇದೆ, ಮನಶ್ಶಾಸ್ತ್ರವೂ ಇದೆ. ಅದು ಯಾಕೆ ಅಂತ ಮಾತ್ರ ಕೇಳಬೇಡ್ರಿ. ಮುಗಿಸಿದ್ದು ಒಂದೇ. ಆ ಒಂದು ಹೇಗೆ ಮುಗೀತು ಅನ್ನೋದನ್ನ ಇವತ್ತು ಹೇಳ್ತೀನಿ.

ನಾನು ಜಮಖಂಡಿ ಕಡೆಯವನು, ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಇಲ್ಲಿ ತಳೇಗಾಂವ ದಾಭಾಡೆಯಲ್ಲಿ, ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡ್ತೀನಿ. ಮೂರು ವರ್ಷದ ಹಿಂದೆ ಮೇಲಿನ ಹುದ್ದೆಗೆ ಸಂದರ್ಶನಕ್ಕೆ ಕೂತೆ. "ಸಿಪಿ ಅಂದರೇನು?" ಅಂತ ಕೇಳಿದರು. ದಿನಾ ನಮ್ಮ ರಿಪೋರ್ಟಿನಲ್ಲಿ ಆ ಅಂಕಿಯನ್ನು ನಾನೇ ಬರೀತಿದ್ದೆ, ಆದರೆ ಅದು ಏನಂತ ನನಗೆ ಗೊತ್ತಿರಲಿಲ್ಲ. ಸುಮ್ಮನೆ ಕೂತೆ. ಹುದ್ದೆ ಬೇರೆಯವರಿಗೆ ಹೋಯಿತು, ಹೋಗಬೇಕಾದದ್ದೇ.

ಉಚಿತ ಕಲಿಕೆಗೆ ನಮ್ಮ ದೇಶದಲ್ಲಿ ಕೊರತೆ ಇಲ್ಲ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲೇ ಎನ್‌ಪಿಟಿಇಎಲ್ ಶುರು ಮಾಡಿದವು. 2017ರ ಜುಲೈ 9ರಂದು ಕೇಂದ್ರ ಸರ್ಕಾರದ ಸ್ವಯಂ ಬಂತು. ಎಂಜಿನಿಯರಿಂಗ್ ಒಂದೇ ಅಲ್ಲ, ಇತಿಹಾಸ, ಕಾನೂನು, ಗಣಿತ, ಭಾಷಾಶಾಸ್ತ್ರ, ಯಾವುದು ಬೇಕಾದರೂ ಕೂತು ಕೇಳಬಹುದು. ಹಾಗಾದರೆ ನನ್ನ ಹತ್ತು ಕೋರ್ಸು ಯಾಕೆ ಅರ್ಧಕ್ಕೆ ನಿಂತವು?

ನಾನೊಬ್ಬನೇ ಅಲ್ಲ. ಎಂಐಟಿ ಮತ್ತು ಹಾರ್ವರ್ಡ್‌ನವರ ಎಡೆಕ್ಸ್ ಕೋರ್ಸುಗಳ ಬಗ್ಗೆ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 2017-18ರಲ್ಲಿ ಹೆಸರು ಹಚ್ಚಿದ ನೂರು ಜನರಲ್ಲಿ ಮುಗಿಸಿದವರು ಸುಮಾರು 3. ಸರ್ಟಿಫಿಕೇಟಿಗೆ ದುಡ್ಡು ಕಟ್ಟಿದವರಲ್ಲಿ 46. ದುಡ್ಡು ಕಟ್ಟಿದ್ದಕ್ಕೇ ಬುದ್ಧಿ ಬಂತು ಅಂತ ನಾನು ಹೇಳೋದಿಲ್ಲ, ಮುಗಿಸಬೇಕು ಅಂತ ಮೊದಲೇ ನಿಶ್ಚಯ ಮಾಡಿದವರೇ ಕಟ್ಟಿರಬಹುದು. ನನ್ನ ವಿಷಯದಲ್ಲಿ ಮಾತ್ರ ದುಡ್ಡು ಕೆಲಸ ಮಾಡಿತು.

ಸಂದರ್ಶನದಲ್ಲಿ ಸೋತ ಮೇಲೆ ಎನ್‌ಪಿಟಿಇಎಲ್‌ನ ಸಿಕ್ಸ್ ಸಿಗ್ಮಾ ಕೋರ್ಸ್ ತಗೊಂಡೆ. 12 ವಾರದ್ದು. ಪಾಠ ಬಿಟ್ಟಿ, ಪರೀಕ್ಷೆಗೆ ಮಾತ್ರ 1000 ರೂಪಾಯಿ. ರೂಮಿನಲ್ಲಿ ನಾವು ಮೂವರು. ಒಬ್ಬರು ಇಂಡಿ ತಾಲ್ಲೂಕಿನವರು, ನನಗಿಂತ ದೊಡ್ಡವರು, ಐಟಿಐ ಮಾಡಿ ಲೇಥ್ ಮೇಲೆ ಹತ್ತು ವರ್ಷ ನಿಂತವರು, ಗುತ್ತಿಗೆ ಕೆಲಸ. ಇನ್ನೊಬ್ಬ ಆಳಂದದ ಹುಡುಗ. ಮೂವರೂ ಸೇರಿದೆವು. ನಮಗೆ ವಾರದ ರಜೆ ಗುರುವಾರ, ಅಸೈನ್‌ಮೆಂಟ್ ಗಡುವು ಬುಧವಾರ ರಾತ್ರಿ. ಸೆಕೆಂಡ್ ಶಿಫ್ಟ್ ಮುಗಿಸಿ ಬಂದು, ಹನ್ನೆರಡು ಹೊಡೆಯೋದರೊಳಗೆ ಉತ್ತರ ಒತ್ತಬೇಕು. 12ರಲ್ಲಿ ಒಳ್ಳೆಯ 8 ಅಸೈನ್‌ಮೆಂಟನ್ನೇ ಲೆಕ್ಕಕ್ಕೆ ತಗೋತಾರೆ ಅನ್ನೋದೊಂದೇ ಸಮಾಧಾನ.

ಮೂರನೇ ವಾರಕ್ಕೆ ಬಂಡಿ ಹೂತುಬಿಡ್ತು. ಸ್ಟ್ಯಾಂಡರ್ಡ್ ಡೀವಿಯೇಷನ್. ಇಂಗ್ಲಿಷಿನಲ್ಲಿ ನಾಲ್ಕು ಸಲ ಕೇಳಿದೆ. ಕೆಲವು ಕೋರ್ಸುಗಳಿಗೆ ಕನ್ನಡ ಅನುವಾದದ ಪಠ್ಯ ಸಿಗುತ್ತದೆ, ಅದು ಒಳ್ಳೆಯ ಕೆಲಸ. ಆದರೆ 'ಮಾನಕ ವಿಚಲನೆ' ಅಂತ ಓದಿದರೂ ನನಗೇನು ಬೆಳಕಾಗಲಿಲ್ಲ. ಆಗ ಇಂಡಿಯ ಅಣ್ಣ ಹೇಳಿದರು: "ತಮ್ಮಾ, ನಮ್ಮವ್ವ ಹತ್ತು ರೊಟ್ಟಿ ಬಡೀತಾಳ, ನಾವೂ ಅಷ್ಟ ಹಿಟ್ಟಿನ್ಯಾಗ ಹತ್ತು ಬಡಿತೀವಿ. ಸರಾಸರಿ ತೂಕ ಒಂದ. ಆದ್ರ ಅವ್ವನವು ಹತ್ತೂ ಒಂದ ದಪ್ಪ, ನಮ್ಮವು ಒಂದು ಹಪ್ಪಳ, ಒಂದು ಹಲಗಿ. ಆ ಹೆಚ್ಚುಕಮ್ಮಿಗೇ ಸಿಗ್ಮಾ ಅಂತಾರ."

ಅಷ್ಟೇ ನೋಡ್ರಿ! ಆಮೇಲೆ ಸಿಪಿ ತಾನಾಗಿಯೇ ಬಂತು. ಡ್ರಾಯಿಂಗಿನಲ್ಲಿ 25 ಮಿಲಿಮೀಟರಿನ ಶಾಫ್ಟಿಗೆ ಮೇಲೆ 0.05, ಕೆಳಗೆ 0.05 ಬಿಟ್ಟಿದ್ದಾರೆ ಅಂದುಕೊಳ್ಳಿ. ಒಟ್ಟು ಜಾಗ 0.10. ಮಷೀನಿನ ಸಿಗ್ಮಾ 0.01 ಇದ್ದರೆ ಅದರ ಆರು ಪಟ್ಟು 0.06. ಜಾಗವನ್ನು ಅದರಿಂದ ಭಾಗಿಸಿದರೆ 1.67, ಆರಾಮ. ಸಿಗ್ಮಾ 0.02 ಆದರೆ 0.83, ಅಂದರೆ ಮಷೀನಿನ ಓಲಾಟ ಕೊಟ್ಟ ಜಾಗಕ್ಕಿಂತ ದೊಡ್ಡದು. ಸರಾಸರಿ ಸರಿಯಾಗಿ 25 ಬಂದರೂ ಕೆಲವು ತುಂಡು ರಿಜೆಕ್ಟ್ ಆಗೋವೇ. ಮರುದಿನ ನನ್ನ ರಿಪೋರ್ಟನ್ನ ನಾನೇ ಮೊದಲ ಸಲ ಓದಿದೆ.

ನಮ್ಮ ಊರಿಗೇ ಒಂದು ಹಳೆಯ ನೆನಪಿದೆ. ಇಲ್ಲಿನ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಅಂತಾಜಿ ದಾಮೋದರ ಕಾಳೆಯವರು ಜನರಿಂದ ಒಂದೊಂದು ಪೈಸೆ ಕೂಡಿಸಿದರು, ಟಿಳಕರು ಬೆನ್ನಿಗೆ ನಿಂತರು. ಗಾಜು ಮಾಡುವುದನ್ನು ಅಲ್ಲಿ ಹುಡುಗರಿಗೆ ಕಲಿಸಿದರು. ನಾನು ಆ ದಾರಿಯಲ್ಲಿ ಹೋಗುವಾಗ ಯೋಚನೆ ಬರುತ್ತೆ: ಅಲ್ಲಿ ಕಲಿಯೋ ಹುಡುಗನ ಪಕ್ಕದಲ್ಲಿ ಇನ್ನೊಬ್ಬ ಹುಡುಗ ಕುಲುಮೆ ಮುಂದೆ ನಿಂತಿರುತ್ತಿದ್ದ. ಫೋನಿನ ಕೋರ್ಸಿನಲ್ಲಿ ಆ ಪಕ್ಕದವನಿಲ್ಲ. ಅವನನ್ನು ನಾವೇ ಹುಡುಕಿಕೊಳ್ಳಬೇಕು.

ಪರೀಕ್ಷೆ ಬಂತು, ಅದು ಭಾನುವಾರ. ನಮಗೆ ಭಾನುವಾರ ಡ್ಯೂಟಿ. ನಾನು ಶಿಫ್ಟ್ ಬದಲಿಸಿಕೊಂಡೆ, ಆಳಂದದ ಹುಡುಗ ರಜೆ ಹಾಕಿದ. ಇಂಡಿಯ ಅಣ್ಣನಿಗೆ ರಜೆ ಸಿಗಲಿಲ್ಲ. ಗುತ್ತಿಗೆಯವರು ಒಂದು ದಿನ ತಪ್ಪಿಸಿದರೆ ಮುಂದಿನ ವಾರ ಗೇಟಿನಲ್ಲೇ ನಿಲ್ಲಿಸ್ತಾರೆ. ಫೀ ಕಟ್ಟಿದ್ದರು, ಹಾಲ್ ಟಿಕೆಟ್ ಬಂದಿತ್ತು. ನಮ್ಮಿಬ್ಬರನ್ನು ಬೆಳಗ್ಗೆ ಲೋಕಲ್ ಹತ್ತಿಸೋಕೆ ಸ್ಟೇಷನ್ನಿಗೆ ಬಂದು, ಅಲ್ಲಿಂದ ಹಾಗೇ ಡ್ಯೂಟಿಗೆ ಹೋದರು.

ಪಾಸಾಗಲು 40 ಬೇಕು, ನನಗೆ 58 ಬಂತು. 60 ದಾಟಿದ್ದರೆ ಸರ್ಟಿಫಿಕೇಟ್ ಮೇಲೆ 'ಎಲೀಟ್' ಅಂತ ಬರ್ತಿತ್ತು. ಆಳಂದದವನಿಗೆ ಬಂತು, ಇನ್ನೂ ಹಂಗಿಸ್ತಾನೆ. ಕಲಿಸಿದ ಅಣ್ಣನ ಹತ್ತಿರ ಕಾಗದ ಇಲ್ಲ. ಹುದ್ದೆ ಕೇಳೋಕೆ ಹೋದಾಗ ಆ ಕಾಗದವನ್ನೇ ನೋಡ್ತಾರೆ.

ಜನವರಿಯಲ್ಲಿ ಹೊಸ ಸೆಮಿಸ್ಟರ್ ಶುರು. ಅಣ್ಣ ಮತ್ತೆ ಫೀ ಕಟ್ತೀನಿ ಅಂದಿದ್ದಾರೆ. ಈ ಸಲ ಪರೀಕ್ಷೆಯ ದಿನಕ್ಕೆ ಬದಲಿ ಆಳು ಯಾರು ಅಂತ ಈಗಲೇ ಮಾತಾಡಿ ಇಟ್ಟಿದ್ದೀವಿ. ನಿಮ್ಮಲ್ಲಿ ಯಾರಿಗಾದರೂ ಸೇರೋದಿದ್ದರೆ ಗುರುವಾರ ಸಂಜೆ ಐದಕ್ಕೆ ರೂಮಿಗೆ ಬರ್ರಿ. ಕುರ್ಚಿ ಎರಡೇ ಇವೆ, ಚಾಪೆ ಹಾಸಿರ್ತೀವಿ.