ತಾಯಿಯನ್ನು ನೋಡಿ ತಳಿ ಕಟ್ಟೋಣ



ವಿಜಯನಗರದಲ್ಲಿ ಕುದುರೆ ವ್ಯಾಪಾರ ಮಾಡಿದ ಪೋರ್ಚುಗೀಸ್ ಪ್ರವಾಸಿ ನೂನಿಜ್ ಒಂದು ಸಂಗತಿ ಬರೆದಿಟ್ಟಿದ್ದಾನೆ. ಅಲ್ಲಿನ ಅರಸ ಸಾಳುವ ನರಸಿಂಹ ಹೊರ್ಮುಜ್, ಏಡನ್ ಕಡೆಯಿಂದ ಸಾವಿರ ಪರ್ದಾವೊ ನಾಣ್ಯಗಳಿಗೆ ಮೂರರಂತೆ ಕುದುರೆ ತರಿಸುತ್ತಿದ್ದ. ಹಡಗಿನಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಹಣ ಕೊಡುತ್ತಿದ್ದನಂತೆ. ಹೊರಗಿನ ಕುದುರೆಗೆ ಹಣ ಸುರಿಯುವ ನಮ್ಮ ರೂಢಿ ಇಂದಿಗೂ ಬಹಳ ಬದಲಾಗಿಲ್ಲ. ಶರ್ಯತ್ತಿನ ಗಾಡಿಗೆ, ಮೆರವಣಿಗೆಗೆ ಕುದುರೆ ಬೇಕೆಂದರೆ ಅಕಲೂಜ, ಸಾರಂಗಖೇಡದ ಕುದುರೆ ಬಜಾರಗಳತ್ತ ಮುಖ ಮಾಡುತ್ತೇವೆ. ಅಲ್ಲಿ ಬೀಜದ ಕುದುರೆಯ ಎತ್ತರ, ಬಣ್ಣ, ಕುಣಿತಕ್ಕೆ ಮರುಳಾಗಿ ಕೈಯಲ್ಲಿದ್ದುದನ್ನೆಲ್ಲ ಸುರಿಯುತ್ತೇವೆ. ಹೆಣ್ಣು ಕುದುರೆಯನ್ನು ಮಾತ್ರ ಉಳಿದ ಹಣಕ್ಕೆ ಹುಡುಕುತ್ತೇವೆ.

ಕೆಲವು ವರ್ಷಗಳ ಹಿಂದೆ ಗೋಕಾಕದ ಹತ್ತಿರ, ಘಟಪ್ರಭೆಯ ದಂಡೆಯ ಹೊಲದಲ್ಲಿ ಕುರಿ ತರುಬಿದ್ದ ಹಿರಿಯರೊಬ್ಬರ ತಟ್ಟು ನೋಡಿದೆ. ಬೆನ್ನ ಮೇಲೆ ಕಂಬಳಿ, ಪಾತ್ರೆ, ಬಲೆ, ಒಂದು ಕೋಳಿ, ಅಂದೇ ಹುಟ್ಟಿದ ಎರಡು ಕುರಿಮರಿ. "ಇದರ ಅವ್ವನೂ ಹಿಂಗs ಇತ್ರೀ. ಅದರ ಅವ್ವನೂ ನಮ್ಮ ಮನೀದs. ಕಲ್ಲಿನ ದಾರ್ಯಾಗ ಒಮ್ಮೆನೂ ಎಡವಿಲ್ಲ" ಎಂದರು. ಸುಳಿಯ ಮಾತಿಲ್ಲ, ಬಣ್ಣದ ಮಾತಿಲ್ಲ. ಮೂರು ತಲೆಮಾರಿನ ನಡಿಗೆ ಅವರ ನಾಲಿಗೆಯ ಮೇಲಿತ್ತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಮಾತನ್ನು ಅವರು ಬದುಕಿನಲ್ಲೇ ನಡೆಸಿದ್ದರು.

ಕುದುರೆ ಮರಿಗೆ ತಂದೆ ತಾಯಿಯರ ಗುಣ ಸಮನಾಗಿ ಬರುತ್ತದೆ, ನಿಜ. ಆದರೆ ಸುಮಾರು 11 ತಿಂಗಳು ಹೊಟ್ಟೆಯಲ್ಲಿ ಹೊತ್ತು, ಹಾಲೂಡಿಸಿ, ಹೆಜ್ಜೆ ಕಲಿಸುವವಳು ತಾಯಿ. ಕೊಳ್ಳುವಾಗ ಎಡವಿದರೆ ಒಂದು ವರ್ಷ ಹೋದಂತೆ. ಆದ್ದರಿಂದ ಹಲ್ಲು ನೋಡಿ. ಐದು ವರ್ಷದ ಹೊತ್ತಿಗೆ ಕುದುರೆ ಬಾಯಿಗೂಡಿರುತ್ತದೆ. ಹಿಂದೆ ಎಷ್ಟು ಸಲ ಈದಿದೆ, ಗಬ್ಬ ಇಳಿದದ್ದುಂಟೇ ಎಂದು ಕೇಳಿ. ಬೆದೆ ಸುಮಾರು 21 ದಿನಕ್ಕೊಮ್ಮೆ ಸರಿಯಾಗಿ ಬರುತ್ತದೆಯೇ ತಿಳಿಯಿರಿ. ಗರ್ಭಕೋಶವನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿ. ಗಂಡು ಕುದುರೆಯಾದರೆ ಎರಡೂ ಬೀಜ ಇಳಿದಿರಬೇಕು, ಗೊರಸು ಗಟ್ಟಿಯಿರಬೇಕು, ಸ್ವಭಾವ ಸೌಮ್ಯವಾಗಿರಬೇಕು. ಅದಕ್ಕೆ ಹುಟ್ಟಿದ ಮರಿಗಳನ್ನು ಕಣ್ಣಾರೆ ಕಂಡರೆ ಇನ್ನೂ ಒಳ್ಳೆಯದು.

ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಕಟ್ಟುವ ಮೊದಲು ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆಯ ವರದಿ ಕೇಳಿ. ಅದು ಮನುಷ್ಯರಿಗೂ ಅಂಟುವ ರೋಗ. ಸೋಂಕು ಖಚಿತವಾದರೆ ಕುದುರೆಯನ್ನು ಕಳೆದುಕೊಳ್ಳಬೇಕಾಗುತ್ತದೆ. ಹಿಸ್ಸಾರದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಈ ಪರೀಕ್ಷೆ ಮಾಡುತ್ತದೆ. ಮಾದರಿ ಕಳಿಸಲು ಪಶುವೈದ್ಯರ ನೆರವು ಪಡೆಯಿರಿ.

ನಮ್ಮ ಬಡಗಣ ನೆರೆಯ ಭೀಮಾ ತೀರದ ಭೀಮಥಡಿ ಕುದುರೆಗೆ ಇತ್ತೀಚೆಗೆ ದೇಶದ ಅಧಿಕೃತ ತಳಿಯೆಂಬ ಮನ್ನಣೆ ಸಿಕ್ಕಿತು. ಅದೂ ಹೆಚ್ಚಾಗಿ ಕುರಿಗಾರರ ಜೊತೆಗೇ ಅಲೆದು ಉಳಿದುಬಂದ ಕುದುರೆ. ಅಳತೆ ಹಿಡಿದು, ಲೆಕ್ಕ ಇಟ್ಟಿದ್ದರಿಂದ ಆ ಮನ್ನಣೆ ಸಾಧ್ಯವಾಯಿತು. ಘಟಪ್ರಭೆ, ಹಿರಣ್ಯಕೇಶಿ ತೀರದ ತಟ್ಟುಗಳ ವಿಷಯದಲ್ಲಿ ನಾವೂ ಆ ಕೆಲಸ ಹಿಡಿಯಬೇಕು.

ಕುರಿಗಾರರ ಈ ಗೋಷ್ಠಿಯಿಂದ ನನ್ನದೊಂದೇ ಬೇಡಿಕೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳಿಗೆ ಒಂದು ದಾಖಲೆ ಪುಸ್ತಕ ಇಡೋಣ. ಪ್ರತಿ ಹೆಣ್ಣು ಕುದುರೆಯ ಎತ್ತರ, ವಯಸ್ಸು, ಈದ ಮರಿಗಳ ಲೆಕ್ಕ, ಅದರ ತಾಯಿಯ ವಿವರ ಬರೆಯೋಣ. ನದಿದಂಡೆಯ ಆ ಹಿರಿಯರ ನಾಲಿಗೆಯ ಮೇಲಿದ್ದ ಮೂರು ತಲೆಮಾರು ಅದರ ಮೊದಲ ಪುಟಕ್ಕೆ ಇಳಿಯಲಿ.